ಮನೆಯೊಳಗಣ ಕಡಲು

ಕೆರೆಯ ಮೀನನ್ನು ತೊಟ್ಟಿಯಲ್ಲಿ ಸಾಕುವುದು ಬಹಳ ಹಳೆಯ ಬಳಕೆ. ಚೀನೀಯರು ಹೊಂಬಣ್ಣದ ಮೀನನ್ನು ಸುಮಾರು ಸಾವಿರ ವರ್ಷಗಳಿಂದ ಸಾಕುತ್ತ ಬಂದವರು. ಆದರೆ ಉಪ್ಪುನೀರಿನ ಜೀವಿಗಳನ್ನು, ಅದರಲ್ಲಿಯೂ ಹವಳವನ್ನು, ದಡದಿಂದ ದೂರದ ಒಂದು ಕೋಣೆಯಲ್ಲಿ ಬದುಕಿಸಿ ಇಡುವ ವಿದ್ಯೆಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಅಕ್ವೇರಿಯಂ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗಾಜು. ಅದರ ಚರಿತ್ರೆಯನ್ನೂ ನಾವು ಗಾಜಿನ ಚರಿತ್ರೆಯೆಂದೇ ಭಾವಿಸುತ್ತೇವೆ. ಗಾಜಿನ ಹಿಂದೆ, ಪೀಠದ ಕೆಳಗೆ, ಕತ್ತಲೆಯಲ್ಲಿ ಮರೆಯಾಗಿರುವ ಕೊಳವೆಗಳನ್ನು ಯಾರೂ ಬಗ್ಗಿ ನೋಡುವುದಿಲ್ಲ. ಕಡಲನ್ನು ಮನೆಯೊಳಗೆ ಉಳಿಸಿದ್ದು ಆ ಕೊಳವೆಗಳು. ನೀರನ್ನು ನಿಲ್ಲಗೊಡದೆ ನಡೆಸುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲದ ಜನ ಕಂಡುಕೊಂಡ ಉತ್ತರಗಳೇ ಈ ವಿದ್ಯೆಯ ನಿಜವಾದ ಚರಿತ್ರೆ.

ಹವಳಕ್ಕೆ ಚಲಿಸುವ ನೀರೇ ಏಕೆ ಬೇಕು? ಹವಳ ಗಿಡವಲ್ಲ, ಕಲ್ಲೂ ಅಲ್ಲ; ನೆಲಕ್ಕೆ ಅಂಟಿಕೊಂಡ ಪ್ರಾಣಿ. ಮೀನಿಗೆ ಕಿವಿರುಗಳಿವೆ, ಬೇಕಾದ ಕಡೆಗೆ ಈಜಿಹೋಗುವ ಶಕ್ತಿಯಿದೆ. ಹವಳಕ್ಕೆ ಇವೆರಡೂ ಇಲ್ಲ. ಅದರ ಉಸಿರೂ ನೀರಿನಲ್ಲಿ ಕರಗುವ ಮಲಿನದ ವಿಸರ್ಜನೆಯೂ ಬಹುಮಟ್ಟಿಗೆ ಮೈಯ ತೆಳುಚರ್ಮದ ಮೂಲಕವೇ ನಡೆಯಬೇಕು. ನೀರು ಅಲುಗದಿದ್ದರೆ ಆ ಚರ್ಮಕ್ಕೆ ತಾಗಿಕೊಂಡಿರುವ ತೆಳುವಾದ ನೀರಿನ ಪದರ ಹಾಗೆಯೇ ನಿಂತುಬಿಡುತ್ತದೆ. ಹೊಸ ಪ್ರಾಣವಾಯು ಒಳಗೆ ಬಾರದು, ಹಳೆಯ ಕೊಳೆ ಹೊರಗೆ ಹೋಗದು. ಕಡಲಿನ ದಿಬ್ಬದ ಮೇಲೆ ಅಲೆಯೂ ಉಬ್ಬರವಿಳಿತವೂ ಆ ಪದರವನ್ನು ಹಗಲಿರುಳು ತೊಳೆಯುತ್ತಿರುತ್ತವೆ. ಅಲೆಯನ್ನು ಬಿಟ್ಟು ಬರಿಯ ಉಪ್ಪುನೀರನ್ನು ತಂದವನು ಕಡಲನ್ನು ತಂದಂತಾಗಲಿಲ್ಲ.

ಮೊದಲ ಉತ್ತರ ದೊರೆತದ್ದು ಸಿಸಿಲಿ ದ್ವೀಪದ ಮೆಸ್ಸಿನಾ ನಗರದಲ್ಲಿ. ಝಾನ್ ವಿಲ್‌ಪ್ರೂ ಪವರ್ ಎಂಬ ಫ್ರೆಂಚ್ ಮಹಿಳೆ ಮೊದಲು ಉಡುಪು ಹೊಲಿಯುವ ಕಸುಬಿನಲ್ಲಿದ್ದವಳು. ಮದುವೆಯಾಗಿ ಮೆಸ್ಸಿನಾದಲ್ಲಿ ನೆಲೆಸಿದ ಮೇಲೆ ಕಡಲ ಜೀವಿಗಳ ಅಧ್ಯಯನಕ್ಕೆ ತೊಡಗಿದಳು. ಆರ್ಗೊನಾಟ್ ಎಂಬ ಅಷ್ಟಪದಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆಯೋ, ಬೇರೆ ಪ್ರಾಣಿಯಿಂದ ಕದಿಯುತ್ತದೆಯೋ ಎಂಬುದು ಆ ಕಾಲದ ವಿದ್ವಾಂಸರ ವಿವಾದ. ಅದನ್ನು ಬಗೆಹರಿಸಲು ಜೀವಂತ ಪ್ರಾಣಿಯನ್ನು ದಿನದಿನವೂ ನೋಡಬೇಕಾಗಿತ್ತು. 1832ರಲ್ಲಿ ಆಕೆ ಗಾಜಿನ ತೊಟ್ಟಿಗಳನ್ನು ಮಾಡಿಸಿದಳು. ಕಡಲಿನಲ್ಲಿಯೇ ಇಳಿಬಿಟ್ಟು ಲಂಗರು ಹಾಕುವ ಪಂಜರಗಳನ್ನೂ ರೂಪಿಸಿದಳು. ಪ್ರಾಣಿ ತನ್ನ ಚಿಪ್ಪನ್ನು ತಾನೇ ಕಟ್ಟುತ್ತದೆಂದು ಸಿದ್ಧವಾಯಿತು. ಪಂಜರದೊಳಗೆ ನೀರನ್ನು ನಡೆಸುವ ಕೆಲಸವನ್ನು ಕಡಲೇ ಮಾಡುತ್ತಿತ್ತು. ಆಕೆ ಕಡಲಿನ ದಡದಲ್ಲಿಯೇ ಇದ್ದಳು.

ದಡವಿಲ್ಲದ ಕಡೆ ಏನು ಮಾಡಬೇಕು? ಇದಕ್ಕೆ ಉತ್ತರ ಕೊಟ್ಟವಳು ಲಂಡನ್ನಿನ ಆ್ಯನಾ ಥಿನ್. ವೆಸ್ಟ್‌ಮಿನ್‌ಸ್ಟರ್ ಆಬೆಯ ಪಾದ್ರಿಯೊಬ್ಬನ ಮಡದಿಯಾದ ಈಕೆ 1846ರಲ್ಲಿ ಟಾರ್ಕಿಯ ಕಡಲತೀರದಿಂದ ಕೆಲವು ಹವಳಗಳನ್ನು ಲಂಡನ್ನಿಗೆ ತಂದಳು. ಅವು ಉಷ್ಣವಲಯದ ದಿಬ್ಬ ಕಟ್ಟುವ ಹವಳಗಳಲ್ಲ. ಇಂಗ್ಲೆಂಡಿನ ತಣ್ಣೀರಿನಲ್ಲಿ ಒಂಟೊಂಟಿಯಾಗಿ ಬೆಳೆಯುವ ಜಾತಿ. ಪ್ರಯಾಣದಲ್ಲಿ ಅವು ಅತ್ತಿತ್ತ ಉರುಳದಿರಲೆಂದು ಸೂಜಿದಾರದಿಂದ ಅವನ್ನು ಸ್ಪಂಜಿಗೆ ಹೊಲಿದಿದ್ದಳು. ಕಡಲಿನಿಂದ ಮತ್ತೆ ಮತ್ತೆ ಹೊಸ ನೀರನ್ನು ತರಿಸುವುದು ಸುಲಭವಾಗಿರಲಿಲ್ಲ. ಇದ್ದ ನೀರನ್ನೇ ಮತ್ತೆ ಹೊಸದಾಗಿಸಲು ಆಕೆ ಒಂದು ಉಪಾಯ ಹೂಡಿದಳು: ತೆರೆದ ಕಿಟಕಿಯ ಮುಂದೆ ನಿಂತು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಎತ್ತಿ ಸುರಿಯುವುದು. ಅರ್ಧ ಗಂಟೆ, ಮುಕ್ಕಾಲು ಗಂಟೆ ಹೀಗೆ ಸುರಿದರೆ ಗಾಳಿ ನೀರಿನಲ್ಲಿ ಬೆರೆಯುತ್ತಿತ್ತು. ಹವಳಗಳು ಬದುಕಿದವು.

ಈ ಕೆಲಸವನ್ನು ಮಾಡುತ್ತಿದ್ದವಳು ಮನೆಯ ಕೆಲಸದ ಹುಡುಗಿ. ಕೆಲಸ ದಣಿವಿನದೇ ಸರಿ, ಆದರೆ ಹುಡುಗಿ ಅದನ್ನು ಒಂದು ವಿನೋದವೆಂದೇ ತಿಳಿದಿದ್ದಳೆಂದು ಒಡತಿ 1859ರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ ಹೇಳಿದ್ದಾಳೆ. ಹುಡುಗಿ ಏನೆಂದಳೋ ಯಾರೂ ಬರೆದಿಡಲಿಲ್ಲ. ಅವಳ ಹೆಸರನ್ನೂ ಲೇಖನ ಹೇಳುವುದಿಲ್ಲ. ಇಂದು ಹವಳ ಸಾಕುವ ಪ್ರತಿಯೊಂದು ಮನೆಯಲ್ಲಿ ಗುಂಯ್‌ಗುಡುವ ವಿದ್ಯುತ್ ಪಂಪು ಆ ಹುಡುಗಿಯ ತೋಳಿನ ಕೆಲಸವನ್ನೇ ಮುಂದುವರಿಸುತ್ತಿದೆ.

ಅನಂತರದ ಕೆಲವು ವರ್ಷ ವಿದ್ವಾಂಸರ ಗಮನ ಬೇರೆ ಕಡೆ ಹರಿಯಿತು. 1850ರಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞ ಮೀನು, ಬಸವನಹುಳು, ನೀರುಗಿಡಗಳನ್ನು ಕೂಡಿಟ್ಟು, ಒಂದರ ಉಸಿರು ಇನ್ನೊಂದಕ್ಕೆ ಆಹಾರವಾಗುವ ಸಮತೋಲವನ್ನು ತೋರಿಸಿದ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಎಂಬ ಗ್ರಂಥ ಆ ಹೆಸರನ್ನು ಮನೆಮಾತಾಗಿಸಿತು. ಮಧ್ಯಮವರ್ಗದ ಮನೆಗಳಲ್ಲೆಲ್ಲ ಗಾಜಿನ ತೊಟ್ಟಿಗಳು ಬಂದವು. ಸಮತೋಲದ ತತ್ತ್ವ ಸರಿಯಾದದ್ದೇ; ಆದರೆ ನಿಂತ ನೀರಿನಲ್ಲಿ ಅದರ ಬಲ ಅಲ್ಪ. ಒಂದು ಪ್ರಾಣಿ ಸತ್ತರೂ ಚಿಕ್ಕ ತೊಟ್ಟಿಯ ನೀರೆಲ್ಲ ಕೆಡುತ್ತಿತ್ತು.

ಈ ಕೊರತೆಯನ್ನು ಕಂಡವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಈತ ಲಂಡನ್ನಿನಲ್ಲಿ ಕಡಲ ಜೀವಿಗಳನ್ನೂ ತೊಟ್ಟಿಗಳನ್ನೂ ಮಾರುತ್ತಿದ್ದ ವ್ಯಾಪಾರಿ, ಅನುಭವದಿಂದಲೇ ಕಲಿತವನು. ಅವನು 1864ರಲ್ಲಿ ಹ್ಯಾಂಬರ್ಗ್‌ನಲ್ಲಿ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಕಟ್ಟಿದ ಮತ್ಸ್ಯಾಲಯಗಳ ರಹಸ್ಯವಿದ್ದದ್ದು ನೆಲದಡಿಯಲ್ಲಿ. ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಒಂದು ಕತ್ತಲೆಯ ಜಲಾಶಯ. ಅಲ್ಲಿಂದ ನೀರನ್ನು ಎತ್ತುವ ಉಗಿಯಂತ್ರ. ತೊಟ್ಟಿಯಿಂದ ತೊಟ್ಟಿಗೆ ಉಕ್ಕಿ ಹರಿದು ಮತ್ತೆ ಜಲಾಶಯ ಸೇರುವ ನೀರು. ಕತ್ತಲೆಯಲ್ಲಿ ಪಾಚಿ ಬೆಳೆಯದು, ನೆಲದಡಿ ನೀರು ತಂಪಾಗಿರುತ್ತದೆ, ರಾಶಿ ನೀರಿನಲ್ಲಿ ಒಂದು ಸಾವು ವಿಷವಾಗದು. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿತ್ತು. ನೇಪಲ್ಸ್‌ನಲ್ಲಿ ಆಂಟನ್ ಡೋರ್ನ್ ಸ್ಥಾಪಿಸಿದ ಪ್ರಸಿದ್ಧ ಪ್ರಾಣಿಶಾಸ್ತ್ರ ಕೇಂದ್ರದ ಮತ್ಸ್ಯಾಲಯ 1874ರಲ್ಲಿ ತೆರೆದಾಗ ಅದರ ನೀರಿನ ಏರ್ಪಾಡೂ ಲಾಯ್ಡನ ಸಲಹೆಯದೇ ಆಗಿತ್ತು. ಇಂದು ಹವಳ ಸಾಕುವವರು ಪೀಠದ ಕೆಳಗಿಡುವ ‘ಸಂಪ್’ ಎಂಬ ತೊಟ್ಟಿ ಲಾಯ್ಡನ ಜಲಾಶಯದ ಮರಿ.

ಇಪ್ಪತ್ತನೆಯ ಶತಮಾನ ಉಗಿಯ ಬದಲು ವಿದ್ಯುತ್ತನ್ನೂ, ಲೋಹದ ಬದಲು ಪ್ಲಾಸ್ಟಿಕ್ಕನ್ನೂ ತಂದಿತು. ಎರಡನೆಯದರ ಮಹತ್ತ್ವ ಕಡಿಮೆಯದಲ್ಲ. ತಾಮ್ರದ ಅಲ್ಪಾಂಶವೂ ಹವಳಕ್ಕೆ ವಿಷ. ಆದರೂ ಉಷ್ಣವಲಯದ ಹವಳ ಬಹುಕಾಲ ಕೈಗೆ ಸಿಕ್ಕಲಿಲ್ಲ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಕಡಲಿನಿಂದ ಜೀವಾಣುಗಳಿಂದ ತುಂಬಿದ ಬಂಡೆಗಳನ್ನೇ ತಂದಿಟ್ಟು, ಗಾಳಿಗುಳ್ಳೆಗಳಿಂದ ನೀರನ್ನು ಅಲುಗಿಸಿ ಹವಳವನ್ನು ಉಳಿಸಿದ ವಿಧಾನವನ್ನು ಪ್ರಕಟಿಸಿದ. ಬರ್ಲಿನ್ನಿನ ಹವ್ಯಾಸಿಗಳು ಅಂಥ ಬಂಡೆಗಳ ಜೊತೆಗೆ ಮಲಿನವನ್ನು ನೊರೆಯಾಗಿ ಕಡೆದು ತೆಗೆಯುವ ಉಪಕರಣವನ್ನು ಸೇರಿಸಿದರು. 1980ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ ಪ್ರದರ್ಶಿಸಿದ ಹವಳದ ದಿಬ್ಬದಲ್ಲಿ ಕೃತಕ ಅಲೆಗಳಿದ್ದವು. ಹವಾಯಿಯ ವೈಕೀಕೀ ಮತ್ಸ್ಯಾಲಯದ ಬ್ರೂಸ್ ಕಾರ್ಲ್‌ಸನ್ ಬಳಸಿದ ಯುಕ್ತಿ ಇನ್ನೂ ಸರಳ. ಎತ್ತರದಲ್ಲಿಟ್ಟ ಒಂದು ತೊಟ್ಟಿಗೆ ಪಂಪು ಮೆಲ್ಲನೆ ನೀರು ತುಂಬುತ್ತದೆ. ನೀರು ಬಾಗಿದ ಕೊಳವೆಯ ನೆತ್ತಿಯನ್ನು ದಾಟಿದೊಡನೆ ಅಷ್ಟೂ ನೀರು ಒಮ್ಮೆಗೇ ಭೋರೆಂದು ಕೆಳಗಿಳಿಯುತ್ತದೆ. ನಮ್ಮ ದೇಶದ ಹಿತ್ತಾಳೆಯ ಕುಶಲಕರ್ಮಿಗಳು ಮಾಡುತ್ತಿದ್ದ ವಸುದೇವನ ಬಟ್ಟಲನ್ನು ಕಂಡವರಿಗೆ ಇದು ಹೊಸತೆನಿಸದು. ಯಮುನೆ ಶಿಶುಕೃಷ್ಣನ ಪಾದವನ್ನು ಸೋಕಿದೊಡನೆ ಇಳಿದುಹೋಗುವ ಆ ಬಟ್ಟಲಿನ ಒಳಗುಟ್ಟೂ ಇದೇ ಬಾಗಿದ ಕೊಳವೆ.

ಮನೆಯಲ್ಲಿ ಇಂಥ ಒಂದು ಕೊಳವನ್ನು ಕಟ್ಟುವವನು ಏನನ್ನು ಯೋಚಿಸಬೇಕೆಂದು ಕೇಳುಗರು ಕೇಳಬಹುದು. ಕೆರೆಯ ಮಾತನ್ನು ಬಲ್ಲ ನಮಗೆ ಇದು ಸುಲಭವಾಗಿ ತಿಳಿಯುತ್ತದೆ. ಮೇಲಿನ ತೊಟ್ಟಿಗೆ ಒಂದು ಕೋಡಿ ಇರುತ್ತದೆ. ಕೋಡಿ ಬಿದ್ದ ನೀರು ಕೊಳವೆಯ ಮೂಲಕ ಕೆಳಗಿನ ಸಂಪಿಗೆ ಇಳಿಯುತ್ತದೆ. ಅಲ್ಲಿ ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲಕ್ಕೆ ಏರುತ್ತದೆ. ಏರುವ ನೀರಿನ ಮೊತ್ತವನ್ನು ಪಂಪಿನ ಮೇಲೆ ಅಚ್ಚಾದ ಅಂಕಿಯಿಂದ ತಿಳಿಯಲಾಗದು; ಎತ್ತರ ಹೆಚ್ಚಿದಂತೆ, ಕೊಳವೆಯ ತಿರುವು ಹೆಚ್ಚಿದಂತೆ ಅದು ಕುಗ್ಗುತ್ತದೆ. 300 ಲೀಟರಿನ ತೊಟ್ಟಿಗೆ ಗಂಟೆಗೆ 1200ರಿಂದ 1500 ಲೀಟರು ಸಂಪಿನ ಮೂಲಕ ಸುತ್ತಿದರೆ ಸಾಕು. ಹವಳಕ್ಕೆ ಬೇಕಾದ ಅಲೆಯ ಬಲ ಇದಕ್ಕಿಂತ ಬಹುಪಟ್ಟು ಹೆಚ್ಚಿನದು. ಅದನ್ನು ತೊಟ್ಟಿಯೊಳಗೇ ಇರುವ ಬೇರೆ ಪಂಪುಗಳು ಕೊಡಬೇಕು.

ಕೋಡಿಯ ಕೊಳವೆ ಒಂದೇ ಇದ್ದರೆ ಸಾಲದು. ಒಂದು ಬಸವನಹುಳು, ಒಂದು ಹಿಡಿ ಪಾಚಿ ಅದರ ಬಾಯಿಗೆ ಅಡ್ಡಬಂದರೆ ಸಂಪಿನ ನೀರು ಮೇಲೇರಿ ನೆಲದ ಪಾಲಾಗುತ್ತದೆ. ಆದ್ದರಿಂದ ಜಾಣರು ಎರಡನೆಯ ಕೊಳವೆಯೊಂದನ್ನು ತುಸು ಎತ್ತರದಲ್ಲಿ, ಬರಿದಾಗಿಯೇ, ಆಪತ್ತಿಗೆಂದು ಇಡುತ್ತಾರೆ. ಸಂಪಿನಲ್ಲಿ ಪಂಪು ಇರುವ ಅಂಕಣವನ್ನೂ ಕಿರಿದಾಗಿಸುತ್ತಾರೆ. ಅಲ್ಲಿರುವ ನೀರಷ್ಟೂ ಮೇಲೆ ಹೋದರೂ ತೊಟ್ಟಿ ತುಂಬಿ ಚೆಲ್ಲಬಾರದು.

ಆದರೆ ನಿಜವಾದ ಪರೀಕ್ಷೆ ಬರುವುದು ವಿದ್ಯುತ್ತು ನಿಂತಾಗ. 120 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ ನೀರು 3 ಸೆಂಟಿಮೀಟರ್ ಇಳಿಯಿತೆಂದರೆ 18 ಲೀಟರು ಕೆಳಗೆ ಬಂದಂತೆ. ನೀರನ್ನು ಮರಳಿಸುವ ಕೊಳವೆಯ ಬಾಯಿ 15 ಸೆಂಟಿಮೀಟರ್ ಆಳದಲ್ಲಿದ್ದರೆ ಅದೇ ಕೊಳವೆ ಹಿಮ್ಮುಖವಾಗಿ ಹೀರಿ 90 ಲೀಟರನ್ನು ಇಳಿಸಿಬಿಡುತ್ತದೆ. ನೀರಿನ ಮಟ್ಟಕ್ಕೆ ತುಸು ಕೆಳಗೆ ಆ ಕೊಳವೆಗೆ ಕೊರೆದ ಒಂದು ಸಣ್ಣ ರಂಧ್ರ ಗಾಳಿಯನ್ನು ಒಳಬಿಟ್ಟು ಈ ಹೀರುವಿಕೆಯನ್ನು ಮುರಿಯುತ್ತದೆ. ಹಿಮ್ಮುಖ ಹರಿವನ್ನು ತಡೆಯುವ ಕವಾಟಗಳೂ ಉಂಟು. ಉಪ್ಪು ಕಟ್ಟಿದ ಕವಾಟವನ್ನು ನಂಬಿ ಮಲಗುವುದು ಕ್ಷೇಮವಲ್ಲ. ಕೆಳಗಿನ ಸಂಪಿನಲ್ಲಿ ಅಷ್ಟು ನೀರಿಗೆ ಯಾವಾಗಲೂ ಜಾಗ ಖಾಲಿ ಇರಬೇಕು. ಒಳ್ಳೆಯ ಯೋಜನೆಯೆಂದರೆ ಹರಿವನ್ನು ಲೆಕ್ಕಹಾಕುವುದರ ಜೊತೆಗೆ ಹರಿವು ನಿಲ್ಲುವ ಗಳಿಗೆಯನ್ನೂ ಲೆಕ್ಕಹಾಕುವುದು. ನೆಲ ನೆನೆದರೆ ಒರೆಸಬಹುದು. ಗಂಟೆಗಟ್ಟಲೆ ನಿಂತ ನೀರಿನಲ್ಲಿ ಉಸಿರುಗಟ್ಟಿದ ಜೀವಕ್ಕೆ ಪರಿಹಾರವಿಲ್ಲ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದು ಮನೆಯಲ್ಲಿರಬೇಕು. ಅದೂ ಇಲ್ಲದಿದ್ದರೆ ಚೊಂಬಿನಿಂದ ನೀರೆತ್ತಿ ಸುರಿಯುತ್ತ ಕೂರಬೇಕು. 1846ರ ಉಪಾಯ ಇಂದಿಗೂ ಸುಳ್ಳಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಸಲ್ಲುತ್ತದೆ. ನಮ್ಮ ಕರಾವಳಿಯ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ.

ಕೃತಕ ಕಡಲಿನ ವಿದ್ಯೆ ಈಗ ಬರಿಯ ವಿನೋದವಾಗಿ ಉಳಿದಿಲ್ಲ. ಕಡಲಿನ ನೀರು ಬಿಸಿಯೇರಿ ಹವಳಗಳು ಬಿಳಿಚುತ್ತಿವೆ. ಪ್ರಪಂಚವ್ಯಾಪಿಯಾದ ನಾಲ್ಕನೆಯ ಬಿಳಿಚುವಿಕೆಯನ್ನು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ಸಂಶೋಧಕರು ಕಡಲಿನ ಸಂಪರ್ಕವೇ ಇಲ್ಲದೆ ಒಳಗೊಳಗೇ ಸುತ್ತುವ ನೀರಿನಲ್ಲಿ, ಸೂರ್ಯೋದಯ, ಚಂದ್ರನ ಬೆಳಕು, ಋತುಗಳ ಉಷ್ಣತೆಗಳನ್ನು ಅನುಕರಿಸಿ, ಹವಳಗಳು ಸಂತಾನ ಬಿಡುವಂತೆ ಮಾಡಿದ ವಿಧಾನವನ್ನು 2017ರಲ್ಲಿ ಪ್ರಕಟಿಸಿದರು. ಅವರ ಸಹಯೋಗದಿಂದ 2019ರಲ್ಲಿ ಅಮೆರಿಕದ ಫ್ಲಾರಿಡಾ ಮತ್ಸ್ಯಾಲಯದಲ್ಲಿ, ಅಳಿವಿನ ಅಂಚಿನಲ್ಲಿದ್ದ ಕಂಬಹವಳವೂ ಹಾಗೆಯೇ ಸಂತಾನ ಬಿಟ್ಟಿತು. ಆ ವಸ್ತುಸಂಗ್ರಹಾಲಯವಿರುವುದು ಲಾಯ್ಡನ ಉಗಿಯಂತ್ರ ನೀರೆತ್ತುತ್ತಿದ್ದ ಕ್ರಿಸ್ಟಲ್ ಪ್ಯಾಲೇಸಿನ ತಾಣಕ್ಕೆ ಸಮೀಪದಲ್ಲಿಯೇ. ಕಡಲಿನಲ್ಲಿ ನೆಲೆ ತಪ್ಪಿದ ಜೀವಗಳಿಗೆ ಈ ಕೊಳವೆಗಳು ಕೆಲವು ಕಾಲದ ಆಶ್ರಯವಾಗಬಲ್ಲವು. ಕಡಲಿಗೆ ಬದಲಾಗಿ ನಿಲ್ಲುವ ಶಕ್ತಿ ಅವಕ್ಕಿಲ್ಲ. ನೀರನ್ನು ಹಗಲಿರುಳು ನಡೆಸುವ ಒಂದೇ ಕೆಲಸಕ್ಕೆ ಎಷ್ಟು ತೋಳು, ಎಷ್ಟು ಉಗಿ, ಎಷ್ಟು ವಿದ್ಯುತ್ತು ಬೇಕಾಯಿತೆಂಬುದನ್ನು ಈ ಚರಿತ್ರೆ ಲೆಕ್ಕವಿಟ್ಟು ತೋರಿಸುತ್ತದೆ. ಅದೇ ಕೆಲಸವನ್ನು ಕಡಲು ಯಾರಿಂದಲೂ ಕೂಲಿ ಕೇಳದೆ ಮಾಡುತ್ತ ಬಂದಿದೆ.