ಪೋರ್ಟ್ ಗಾಯಗಳ ಮೈಕೋಬ್ಯಾಕ್ಟೀರಿಯಾ: ಪ್ರಭೇದ ನಿರ್ಣಯದ ಬಗ್ಗೆ ಟಿಪ್ಪಣಿ

1. ವ್ಯಾಪ್ತಿ
ಲ್ಯಾಪರೋಸ್ಕೋಪಿಯ ಗಾಯ ಮಾಯ್ದ ಕೆಲವು ವಾರಗಳ ಮೇಲೆ ಪೋರ್ಟ್ (ಉಪಕರಣ ತೂರಿಸಿದ ರಂಧ್ರ) ಜಾಗದಲ್ಲಿ ಗಂಟು, ಕೀವು ಕಾಣಿಸಿಕೊಂಡು ಸಾಮಾನ್ಯ ಪ್ರತಿಜೀವಕಗಳಿಗೆ ಬಗ್ಗದಿದ್ದರೆ, ಶೀಘ್ರ ಬೆಳವಣಿಗೆಯ ಮೈಕೋಬ್ಯಾಕ್ಟೀರಿಯಾಗಳನ್ನು ಶಂಕಿಸುವುದು ವಾಡಿಕೆ. ಪ್ರಕಟಿತ ವರದಿಗಳಲ್ಲಿನ ಪ್ರಭೇದನಾಮಗಳನ್ನೂ ಎಣಿಕೆಗಳನ್ನೂ ಹೇಗೆ ಓದಬೇಕು ಎಂಬುದು ಇಲ್ಲಿನ ಮುಖ್ಯ ವಿಷಯ.

2. ಕಲ್ಚರ್
ಈ ಗುಂಪಿನ ಉಪಕಲ್ಚರ್ ಸಾಮಾನ್ಯವಾಗಿ 7 ದಿನಗಳೊಳಗೆ ಬೆಳೆಯುತ್ತದೆ. ಕೀವಿನಿಂದ ನೇರವಾಗಿ ಬೆಳೆಸಲು ಹೆಚ್ಚು ಕಾಲ ಹಿಡಿಯಬಹುದು. 48 ಗಂಟೆಗೆ ಪ್ಲೇಟು ಎಸೆದು ಬರೆದ ‘ಬೆಳವಣಿಗೆ ಇಲ್ಲ’ ಎಂಬ ವರದಿ ಈ ಗುಂಪನ್ನು ತಳ್ಳಿಹಾಕುವುದಿಲ್ಲ. ಗುಂಪಿನ ಒಂದು ಪ್ರಭೇದವಾದ ಮೈಕೋಬ್ಯಾಕ್ಟೀರಿಯಂ (ಮೈ.) ಕೆಲೊನೆಗೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಒಗ್ಗುತ್ತದೆ. 37 ಡಿಗ್ರಿಯಲ್ಲಿ ಮಾತ್ರ ಇಟ್ಟರೆ ಅದು ತಪ್ಪಿಹೋಗಬಹುದು.

3. ಹೆಸರುಗಳ ವ್ಯತ್ಯಾಸ
ಇದೇ ಗುಂಪಿನ ಮೈ. ಅಬ್ಸೆಸಸ್‌ನ ಮೊದಲ ವಿವರಣೆ 1953ರದು. ಮುಂದೆ ಅದನ್ನು ಮೈ. ಕೆಲೊನೆಯ ಉಪಪ್ರಭೇದವಾಗಿ ಎಣಿಸಲಾಗುತ್ತಿತ್ತು. ಮತ್ತೆ ಸ್ವತಂತ್ರ ಪ್ರಭೇದವಾದದ್ದು 1992ರಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ‘ಕೆಲೊನೆ’ ಪ್ರಕರಣಗಳಲ್ಲಿ ಕೆಲವು ಅಬ್ಸೆಸಸ್ ಆಗಿದ್ದಿರಬಹುದು. ಎರಡರ 16ಎಸ್ ಆರ್‌ಆರ್‌ಎನ್‌ಎ ಜೀನಿನ ಅನುಕ್ರಮಗಳು ಬಹುಪಾಲು ಒಂದೇ ಆಗಿರುವುದರಿಂದ, ಆ ಜೀನಿನ ತುಣುಕನ್ನಷ್ಟೇ ನೋಡಿದ ನಂತರದ ವರದಿಗಳೂ ಪೂರ್ತಿ ನಿಸ್ಸಂದೇಹವಲ್ಲ. ಆರ್‌ಪಿಒಬಿ, ಎಚ್‌ಎಸ್‌ಪಿ65 ಜೀನ್‌ಗಳು ಹೆಚ್ಚು ಭೇದ ತೋರಿಸುತ್ತವೆ.

ಅಬ್ಸೆಸಸ್‌ಗೆ ಹತ್ತಿರದ ಮೈ. ಮಸಿಲಿಯೆನ್ಸೆ 2004ರಲ್ಲಿ, ಮೈ. ಬೊಲ್ಲೆಟೈ 2006ರಲ್ಲಿ ಪ್ರತ್ಯೇಕ ಪ್ರಭೇದಗಳಾಗಿ ಬಂದವು. 2011ರಲ್ಲಿ ಎರಡೂ ‘ಅಬ್ಸೆಸಸ್ ಉಪಪ್ರಭೇದ ಬೊಲ್ಲೆಟೈ’ಯಲ್ಲಿ ಸೇರಿದವು, 2016ರಲ್ಲಿ ಮತ್ತೆ ಬೇರ್ಪಟ್ಟವು. ಬ್ರೆಜಿಲ್‌ನ ಶಸ್ತ್ರಚಿಕಿತ್ಸಾ ಸೋಂಕುಗಳ ಒಂದೇ ತಳಿಗೆ ಬೇರೆಬೇರೆ ವರ್ಷಗಳ ಲೇಖನಗಳಲ್ಲಿ ಬೇರೆಬೇರೆ ಹೆಸರಿರುವುದಕ್ಕೆ ಕಾರಣ ಇದು. ಅವನ್ನು ಪ್ರತ್ಯೇಕ ಜೀವಿಗಳೆಂದು ಎಣಿಸಕೂಡದು.

4. ಎಣಿಕೆಯ ಘಟಕ
ಬ್ರೆಜಿಲ್‌ನ ರಿಯೊ ಡಿ ಜನೈರೊ ರಾಜ್ಯದಲ್ಲಿ 2006-07ರಲ್ಲಿ ನಡೆದ ಈ ಸೋಂಕಿನ ಹಾವಳಿಯಲ್ಲಿ 63 ಆಸ್ಪತ್ರೆಗಳ 1,051 ಪ್ರಕರಣಗಳು ವರದಿಯಾದವು. ಇವು ‘ಸಂಭಾವ್ಯ’ ಪ್ರಕರಣಗಳು. ಎಲ್ಲವೂ ಕಲ್ಚರ್‌ನಿಂದ ಖಚಿತವಾದವಲ್ಲ. ಹಾವಳಿಯ ತಳಿ ಶೇ. 2ರ ಗ್ಲುಟರಾಲ್ಡಿಹೈಡ್ ಸೋಂಕುನಿವಾರಕವನ್ನು ತಾಳಿಕೊಂಡದ್ದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. 2006ರಲ್ಲಿ ಪ್ರಕಟವಾದ ಭಾರತೀಯ ವರದಿಯೊಂದರ 145 ಎಂಬ ಸಂಖ್ಯೆ ಪೋರ್ಟ್‌ಗಳದು; ರೋಗಿಗಳು 35. ಅಲ್ಲಿ ಹೆಸರಿಸಿದ ಜೀವಿ ಕೆಲೊನೆ. ಮೂಲವೆಂದು ಗುರುತಿಸಿದ್ದು ಸೋಂಕುನಿವಾರಕದಿಂದ ತೆಗೆದ ಉಪಕರಣಗಳನ್ನು ತೊಳೆಯುವ ನೀರು. ಎರಡು ವರದಿಗಳ ಅಂಕಿಗಳನ್ನು ನೇರವಾಗಿ ಹೋಲಿಸುವುದು ಸರಿಯೆನಿಸದು.

5. ಚಿಕಿತ್ಸೆಗೆ ಸಂಬಂಧ
ಬಯಾಪ್ಸಿಯಲ್ಲಿ ಗ್ರಾನ್ಯುಲೋಮಾ ಕಂಡೊಡನೆ ಕ್ಷಯದ ಔಷಧ ಆರಂಭಿಸುವುದುಂಟು. ಆದರೆ ಆ ಔಷಧಗಳಲ್ಲಿನ ಐಸೋನಿಯಾಜಿಡ್, ಪೈರಾಜಿನಮೈಡ್‌ಗಳಿಗೆ ಈ ಗುಂಪು ಜಗ್ಗುವುದಿಲ್ಲ. ಉಪಪ್ರಭೇದದ ಗುರುತೂ ಇಲ್ಲಿ ಮುಖ್ಯ. ಅಬ್ಸೆಸಸ್‌ನ ಇಆರ್‌ಎಂ41 ಜೀನ್ ಸಕ್ರಿಯವಾಗಿದ್ದರೆ ಕ್ಲಾರಿಥ್ರೋಮೈಸಿನ್ ನಿರೋಧ ತಡವಾಗಿ ಪ್ರಕಟವಾಗುತ್ತದೆ. ಮಸಿಲಿಯೆನ್ಸೆಯಲ್ಲಿ ಆ ಜೀನ್ ಸಾಮಾನ್ಯವಾಗಿ ಮೊಟಕಾಗಿದೆ. ಆದ್ದರಿಂದ ಸಂವೇದನೆ ಪರೀಕ್ಷೆಯ 3ರಿಂದ 5ನೇ ದಿನದಲ್ಲಿ ಕ್ಲಾರಿಥ್ರೋಮೈಸಿನ್‌ಗೆ ಸಂವೇದಿಯೆಂದು ಕಂಡ ತಳಿಯನ್ನು, ಈ ಜೀನಿನ ಸ್ಥಿತಿ ತಿಳಿಯದಿದ್ದಲ್ಲಿ, 14ನೇ ದಿನದವರೆಗೆ ಇಟ್ಟು ಓದಬೇಕು.