ಕಾಲು ತರಂಗದಿಂದ ಹತ್ತು ಡಿಗ್ರಿ ಆಚೆ: ಬೆಳಕಿನಿಂದ ಕರೆಂಟ್ ಅಳೆಯುವಲ್ಲಿ ತಾಪದ ಪ್ರಶ್ನೆ

ಆಪ್ಟಿಕಲ್ ಫೈಬರಿನಿಂದ ವಿದ್ಯುತ್ ಪ್ರವಾಹ ಅಳೆಯುವ ಸಾಧನದ ಚರಿತ್ರೆಯನ್ನು ವಿದ್ವಾಂಸರು ಹೆಚ್ಚಾಗಿ ಒಂದೇ ಹೋರಾಟವಾಗಿ ನಿರೂಪಿಸುತ್ತಾರೆ. ಸುರುಳಿ ಸುತ್ತಿದ ಫೈಬರಿನಲ್ಲಿ ಹುಟ್ಟುವ ದ್ವಿವಕ್ರೀಭವನವನ್ನು ಅಡಗಿಸಿದ ಕಥೆ ಅದು. ಈ ನಿರೂಪಣೆ ಸುಳ್ಳಲ್ಲ, ಅಪೂರ್ಣ. ಪ್ರಯೋಗಾಲಯದ ಸುರುಳಿ ಬಯಲಿನ ಸಬ್‌ಸ್ಟೇಷನ್ನಿನಲ್ಲಿ ನಿಲ್ಲಬೇಕಾದರೆ ಗಾಜಿನ ತಾಪಾವಲಂಬನೆಗೂ ಉತ್ತರ ಬೇಕಿತ್ತು. ಆ ಉತ್ತರ ದೊರೆತದ್ದು ಫೈಬರಿನ ಶುದ್ಧೀಕರಣದಿಂದಲ್ಲ ಎಂಬುದು ಈ ಲೇಖನದ ವಾದ.

ಮೂಲ ತತ್ತ್ವದಲ್ಲಿ ವಿವಾದವಿಲ್ಲ. ಕಾಂತಕ್ಷೇತ್ರದಲ್ಲಿಟ್ಟ ಸೀಸದ ಗಾಜಿನೊಳಗೆ ಬೆಳಕಿನ ಧ್ರುವೀಕರಣದ ತಲ ತಿರುಗುವುದನ್ನು ಮೈಕೆಲ್ ಫ್ಯಾರಡೆ 1845ರಲ್ಲಿ ಕಂಡರು. ವಾಹಕದ ಸುತ್ತ ಫೈಬರನ್ನು ಪೂರ್ಣ ಸುತ್ತುಗಳಲ್ಲಿ ಸುತ್ತಿದರೆ ಆ ತಿರುಗುವಿಕೆ ವರ್ಡೆ ಸ್ಥಿರಾಂಕ, ಸುತ್ತುಗಳ ಸಂಖ್ಯೆ ಮತ್ತು ಪ್ರವಾಹ ಈ ಮೂರರ ಗುಣಲಬ್ಧ. ಆಂಪಿಯರ್ ನಿಯಮದ ಪ್ರಕಾರ ಸುರುಳಿಯೊಳಗೆ ವಾಹಕ ಎಲ್ಲಿದ್ದರೂ ಅಳತೆ ಬದಲಾಗದು. ಪಕ್ಕದ ತಂತಿಗಳ ಕ್ಷೇತ್ರವೂ ಸೇರದು. ಕಬ್ಬಿಣದ ಗರ್ಭವಿಲ್ಲದ್ದರಿಂದ ಕರೆಂಟ್ ಟ್ರಾನ್ಸ್‌ಫಾರ್ಮರನ್ನು ಕಾಡುವ ಸಂತೃಪ್ತತೆಯೂ ಇಲ್ಲ. ಆದರೆ ಸಂಕೇತ ತೀರ ಕ್ಷೀಣ: 1310 ನ್ಯಾನೊಮೀಟರ್ ಬೆಳಕಿನಲ್ಲಿ ಸಿಲಿಕಾದ ಒಂದು ಸುತ್ತು ಆಂಪಿಯರಿಗೆ ಸುಮಾರು 1 ಮೈಕ್ರೊರೇಡಿಯನ್ನಷ್ಟೇ ತಿರುಗಿಸುತ್ತದೆ.

ಬಾಗಿದ ಗಾಜಿನ ಒತ್ತಡ ಈ ಸಂಕೇತವನ್ನು ನುಂಗುವುದರಿಂದಲೇ ರ್‍ಯಾಶ್ಲಿ ಮತ್ತು ಉಲ್ರಿಚ್ 1979ರಲ್ಲಿ ದ್ವಿವಕ್ರೀಭವನದ ಪ್ರಶ್ನೆಗೆ ಕೈಹಾಕಿದರು. ಲ್ಯಾಮಿಂಗ್ ಮತ್ತು ಪೇನ್ 1989ರಲ್ಲಿ, ಎಳೆಯುವಾಗಲೇ ತಿರುಚಿದ ಫೈಬರನ್ನು ಮುಂದಿಟ್ಟರು. ಅಮೆರಿಕದ ಬೌಲ್ಡರಿನಲ್ಲಿ ಡೇ, ರೋಸ್ ಮತ್ತು ಸಂಗಡಿಗರು ಸುರುಳಿಯನ್ನು ಕಾಯಿಸಿ ಒತ್ತಡ ಇಳಿಸಿದರು.

ಅದೇ ಬೌಲ್ಡರ್ ಗುಂಪು 1991ರಲ್ಲಿ ಪ್ರಕಟಿಸಿದ ಒಂದು ಅಳತೆಗೆ ಚರಿತ್ರಕಾರರು ತಕ್ಕ ಸ್ಥಾನ ಕೊಟ್ಟಿಲ್ಲ. ಸಿಲಿಕಾದ ವರ್ಡೆ ಸ್ಥಿರಾಂಕ ಪ್ರತಿ ಡಿಗ್ರಿಗೆ ಸುಮಾರು ಲಕ್ಷಕ್ಕೆ ಏಳರಷ್ಟು ಏರುತ್ತದೆ. 120 ಡಿಗ್ರಿಗಳ ವ್ಯಾಪ್ತಿಯಲ್ಲಿ ಇದು ಶೇ. 0.8ಕ್ಕೂ ಮೀರುತ್ತದೆ, 0.2 ದರ್ಜೆಯ ಮಾಪಕಕ್ಕೆ ನಿಗದಿತ ಪ್ರವಾಹದಲ್ಲಿ ಸಲ್ಲುವ ದೋಷ ಶೇ. 0.2 ಮಾತ್ರ. ಗಾಜನ್ನು ಎಷ್ಟೇ ಹದವಾಗಿ ಕಾಯಿಸಿದರೂ ಈ ಏರಿಕೆ ಹೋಗದು, ಏಕೆಂದರೆ ಅದು ದೋಷವಲ್ಲ, ಗಾಜಿನ ಗುಣ.

ದಾರಿ ಕಂಡದ್ದು ಪ್ರತಿಫಲನ ವಿಧಾನದಲ್ಲಿ. ಫ್ರೋಸಿಯೊ ಮತ್ತು ಡ್ಯಾಂಡ್ಲಿಕರ್ 1994ರಲ್ಲಿ ವಿವರಿಸಿದ ಈ ಏರ್ಪಾಡಿನಲ್ಲಿ ರಿಟಾರ್ಡರ್ ಎಂಬ ಚಿಕ್ಕ ಫೈಬರ್ ತುಂಡು ಬೆಳಕನ್ನು ಎಡ ಮತ್ತು ಬಲ ವೃತ್ತೀಯ ಧ್ರುವೀಕರಣಗಳಾಗಿ ಸುರುಳಿಗೆ ಕಳಿಸುತ್ತದೆ. ಸುರುಳಿಯ ತುದಿಯ ಕನ್ನಡಿ ಅವನ್ನು ಹಿಂದಿರುಗಿಸುತ್ತದೆ. ಎರಡೂ ಅಲೆಗಳು ಒಂದೇ ಹಾದಿ ತುಳಿಯುವುದರಿಂದ ಕಂಪನದ ಪ್ರಭಾವ ಬಹುಪಾಲು ಕಳೆದುಹೋಗುತ್ತದೆ. ಪ್ರವಾಹದ ಗುರುತು ಮಾತ್ರ ಇಮ್ಮಡಿಸುತ್ತದೆ. ಪಠ್ಯ ಹೇಳುವ ಆದರ್ಶ ರಿಟಾರ್ಡರ್ ನಿಖರವಾಗಿ ಕಾಲು ತರಂಗ, ಅಂದರೆ 90 ಡಿಗ್ರಿ.

ಸ್ವಿಟ್ಜರ್ಲೆಂಡಿನ ಎಬಿಬಿ ಸಂಶೋಧನಾ ಕೇಂದ್ರದ ಬೋನರ್ಟ್ ಮತ್ತು ಸಂಗಡಿಗರು 2002ರಲ್ಲಿ ಈ ಆದರ್ಶವನ್ನೇ ಬೇಕೆಂದು ಕೈಬಿಟ್ಟರು. ರಿಟಾರ್ಡರ್ 90 ಡಿಗ್ರಿಯಿಂದ ಎಪ್ಸಿಲಾನ್ ಕೋನದಷ್ಟು ತಪ್ಪಿದರೆ, ಸಣ್ಣ ಪ್ರವಾಹಗಳಿಗೆ ಸಂಕೇತ ಆ ಕೋನದ ಕೊಸೈನಿನ ವಿಲೋಮದಷ್ಟು ಹಿಗ್ಗುತ್ತದೆ. ಕೋನ ಸೊನ್ನೆಯಾದಲ್ಲಿ ಈ ವಕ್ರರೇಖೆ ಸಪಾಟು, ಆದ್ದರಿಂದ ತಾಪ ಬದಲಾದರೂ ಅದು ಏನನ್ನೂ ಸರಿದೂಗಿಸಲಾರದು. ಸುಮಾರು 100 ಡಿಗ್ರಿಯ ರಿಟಾರ್ಡರ್ ಹಾಗಲ್ಲ. ದೀರ್ಘವೃತ್ತದ ಗರ್ಭವುಳ್ಳ ಫೈಬರಿನಲ್ಲಿ ರಿಟಾರ್ಡೇಶನ್ ಪ್ರತಿ ಡಿಗ್ರಿಗೆ ಹತ್ತು ಸಾವಿರಕ್ಕೆ ಎರಡರಷ್ಟು ಕುಗ್ಗುತ್ತದೆ ಎಂದು ಹಿಡಿದು ಲೆಕ್ಕ ಹಾಕಿದರೆ, ಹಿಗ್ಗಿದ ಸಂಕೇತ ಪ್ರತಿ ಡಿಗ್ರಿಗೆ ಲಕ್ಷಕ್ಕೆ ಆರರಿಂದ ಏಳರಷ್ಟು ಇಳಿಯುತ್ತದೆ. ವರ್ಡೆ ಸ್ಥಿರಾಂಕದ ಏರಿಕೆಗೆ ಇದು ಹೆಚ್ಚುಕಡಿಮೆ ಸರಿಸಾಟಿ. ಹೊರಗಿನಿಂದ ಥರ್ಮಾಮೀಟರ್ ಬೇಡ, ತಿದ್ದುಪಡಿಯ ಪಟ್ಟಿಯೂ ಬೇಡ. ಇಷ್ಟು ಸೊಗಸಾದ ಪರಿಹಾರ ಅಳತೆಯ ವಿಜ್ಞಾನದಲ್ಲಿ ಅಪರೂಪ.

ಈ ವಾದಕ್ಕೆ ಮಿತಿಗಳಿವೆ. ಬೋನರ್ಟ್ ಗುಂಪು ಬಳಸಿದ್ದೂ ಕಾಯಿಸಿ ಒತ್ತಡ ಇಳಿಸಿದ ಸುರುಳಿಯನ್ನೇ. ದ್ವಿವಕ್ರೀಭವನ ಮೊದಲೇ ತಗ್ಗಿರದಿದ್ದರೆ ರಿಟಾರ್ಡರಿನ ಸೂಕ್ಷ್ಮ ತಿದ್ದುಪಡಿಗೆ ಅರ್ಥವಿರುತ್ತಿರಲಿಲ್ಲ. ಆದ್ದರಿಂದ ಹಳೆಯ ಪ್ರಯತ್ನಗಳನ್ನು ಬದಿಗೊತ್ತುವುದು ಇಲ್ಲಿನ ಉದ್ದೇಶವಲ್ಲ. ಕ್ಷೇತ್ರದ ಬಳಕೆಗೆ ಅವು ಅಗತ್ಯವಿದ್ದವು, ಸಾಲುತ್ತಿರಲಿಲ್ಲ ಎನ್ನುವಷ್ಟಕ್ಕೇ ಈ ವಾದ ನಿಲ್ಲುತ್ತದೆ.

ಮೇಲಿನ ಲೆಕ್ಕ ಸಣ್ಣ ಪ್ರವಾಹಗಳದು ಎಂಬುದೂ ಮುಖ್ಯ. ಲೋಹ ಶುದ್ಧೀಕರಣದ ಕಾರ್ಖಾನೆಗಳಲ್ಲಿ ಅಳೆಯಬೇಕಾದ ಏಕಮುಖ ಪ್ರವಾಹ 500 ಕಿಲೊ ಆಂಪಿಯರ್ ಮುಟ್ಟಬಹುದು. 1310 ನ್ಯಾನೊಮೀಟರಿನಲ್ಲಿ ಒಂದೇ ಸುತ್ತಿಗೂ ಅಲೆಗಳ ನಡುವಿನ ಪ್ರಾವಸ್ಥಾ ವ್ಯತ್ಯಾಸ ಆಗ ಸುಮಾರು 2 ರೇಡಿಯನ್. ಅಲ್ಲಿ ಸರಿದೂಗಿಕೆಯ ಪ್ರಮಾಣ ಪ್ರವಾಹದೊಂದಿಗೇ ಬದಲಾಗುವುದರಿಂದ ಸಂಕೇತವನ್ನು ಪ್ರತ್ಯೇಕವಾಗಿ ರೇಖೀಯಗೊಳಿಸಬೇಕಾಗುತ್ತದೆ. ಇನ್ನು, ಕಾಯಿಸದೆ ಬಳಸುವ ತಿರುಚಿದ ಫೈಬರಿಗೆ ತನ್ನದೇ ತಾಪಾವಲಂಬನೆಯಿದೆ. 100 ಡಿಗ್ರಿಯ ಆಸುಪಾಸಿನ ಬೆಲೆ ಅಲ್ಲಿಗೂ ಒಪ್ಪುತ್ತದೆಯೇ ಎಂಬುದನ್ನು ಪ್ರತಿ ಫೈಬರಿಗೂ ಬೇರೆಬೇರೆಯಾಗಿ ಪರಿಶೀಲಿಸಬೇಕು.