ಕ್ಲಾರ್ಕ್ ಲಿಟಲ್

ಕ್ಲಾರ್ಕ್ ಲಿಟಲ್ (ಜನನ: 1968) ಅಮೆರಿಕ ಸಂಯುಕ್ತ ಸಂಸ್ಥಾನದ ಹವಾಯಿ ರಾಜ್ಯದ ಛಾಯಾಗ್ರಾಹಕರು. ದಡದ ಮೇಲೆಯೇ ಬಂದು ಒಡೆಯುವ ಬೃಹತ್ ಅಲೆಗಳನ್ನು ಅವುಗಳ ಒಡಲೊಳಗಿನಿಂದ ಸೆರೆಹಿಡಿದ ಚಿತ್ರಗಳಿಗಾಗಿ ಇವರು ಪ್ರಸಿದ್ಧರಾಗಿದ್ದಾರೆ. ಛಾಯಾಗ್ರಹಣಕ್ಕೆ ಬರುವ ಮುನ್ನ ಇವರು ಸರ್ಫಿಂಗ್ ಪಟುವಾಗಿದ್ದು, ವೃತ್ತಿಯಿಂದ ಸಸ್ಯೋದ್ಯಾನವೊಂದರ ಮೇಲ್ವಿಚಾರಕರಾಗಿದ್ದರು.

ಆರಂಭಿಕ ಜೀವನ

ಲಿಟಲ್ ಅವರು ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಜನಿಸಿದರು. ಎಳವೆಯಲ್ಲಿಯೇ ಕುಟುಂಬವು ಹವಾಯಿಗೆ ವಲಸೆ ಬಂದುದರಿಂದ ಇವರು ಒವಾಹು ದ್ವೀಪದ ಉತ್ತರ ತೀರದಲ್ಲಿ ಬೆಳೆದರು. ಇವರ ಅಣ್ಣ ಬ್ರಾಕ್ ಲಿಟಲ್ (1967–2016) ಬೃಹತ್ ಅಲೆಗಳ ಸರ್ಫಿಂಗ್‌ನಲ್ಲಿ ಹೆಸರು ಮಾಡಿದವರು. 1980 ಮತ್ತು 1990ರ ದಶಕಗಳಲ್ಲಿ ಕ್ಲಾರ್ಕ್ ಅವರು ವೈಮೇಯಾ ಕೊಲ್ಲಿಯಲ್ಲಿ, ಇತರರು ಸಾಮಾನ್ಯವಾಗಿ ದೂರವಿರುವ ದಡದಂಚಿನ ಅಲೆಗಳ ಮೇಲೆ ಸರ್ಫಿಂಗ್ ಮಾಡುತ್ತಿದ್ದರು. ಜೀವನೋಪಾಯಕ್ಕಾಗಿ ವಹಿಯಾವಾ ಸಸ್ಯೋದ್ಯಾನದಲ್ಲಿ ಸುಮಾರು 17 ವರ್ಷ ದುಡಿದರು.

ಛಾಯಾಗ್ರಹಣ

2007ರಲ್ಲಿ ಇವರ ಪತ್ನಿ ಮಲಗುವ ಕೋಣೆಯ ಗೋಡೆಗೆ ಅಲೆಯ ಚಿತ್ರವೊಂದನ್ನು ತರಲು ಬಯಸಿದರು. ಚಿತ್ರವನ್ನು ಕೊಳ್ಳುವ ಬದಲು ತಾವೇ ತೆಗೆಯುವುದಾಗಿ ಹೇಳಿ ಲಿಟಲ್ ಅವರು ನೀರು ಸೇರದ ಸಣ್ಣ ಕ್ಯಾಮೆರಾದೊಂದಿಗೆ ಕಡಲಿಗಿಳಿದರು. ಆ ಚಿತ್ರಗಳಿಗೆ ದೊರೆತ ಮೆಚ್ಚುಗೆಯಿಂದಾಗಿ ಅಲ್ಪಕಾಲದಲ್ಲಿಯೇ ಉದ್ಯೋಗವನ್ನು ತ್ಯಜಿಸಿ ಪೂರ್ಣಾವಧಿ ಛಾಯಾಗ್ರಾಹಕರಾದರು.

ವೈಮೇಯಾ ಕೊಲ್ಲಿಯ ತೀರವು ಕಡಿದಾಗಿದ್ದು, ದಡದ ಸಮೀಪದವರೆಗೂ ನೀರು ಆಳವಾಗಿದೆ. ಆದ್ದರಿಂದ ಅಲೆಯು ದೂರದಲ್ಲಿ ಒಡೆದು ಶಕ್ತಿ ಕಳೆದುಕೊಳ್ಳದೆ, ತನ್ನ ಭಾರವನ್ನೆಲ್ಲ ಮೊಣಕಾಲೆತ್ತರದ ನೀರಿನ ಮೇಲೆ, ಮರಳಿನ ಮೇಲೆ ಒಮ್ಮೆಲೇ ಕೆಡಹುತ್ತದೆ. ಇಂಥ ಅಲೆಗೆ ಸಿಕ್ಕವರ ಕತ್ತು ಮತ್ತು ಬೆನ್ನುಮೂಳೆಗೆ ಪೆಟ್ಟಾಗುವ ಅಪಾಯವಿದೆ. ಕರ್ನಾಟಕದ ಕರಾವಳಿಯಲ್ಲಿ ಕಡಲು ಮಳೆಗಾಲದಲ್ಲಿ ಉಗ್ರವಾಗಿದ್ದರೆ, ಒವಾಹುವಿನ ಉತ್ತರ ತೀರದಲ್ಲಿ ಉತ್ತರ ಪೆಸಿಫಿಕ್‌ನ ಚಂಡಮಾರುತಗಳ ಪರಿಣಾಮವಾಗಿ ಚಳಿಗಾಲದಲ್ಲಿ ಅತಿ ಎತ್ತರದ ಅಲೆಗಳೇಳುತ್ತವೆ.

ತಂತ್ರ

ಅಲೆಯು ಬಾಗಿ ಕೊಳವೆಯಂತೆ ಸುರುಳಿಗೊಳ್ಳುವ ಅವಧಿ ಕೆಲವೇ ಕ್ಷಣಗಳದು. ಜಲನಿರೋಧಕ ಕವಚದೊಳಗೆ ವಿಶಾಲಕೋನ ಮಸೂರವುಳ್ಳ ಕ್ಯಾಮೆರಾವನ್ನಿಟ್ಟು, ಛಾಯಾಗ್ರಾಹಕರು ಅಲೆ ಮಗುಚುವ ಸ್ಥಳದಲ್ಲಿಯೇ ನಿಂತು ಅಥವಾ ತೇಲುತ್ತ ಸೆಕೆಂಡಿಗೆ ಹಲವು ಚಿತ್ರಗಳನ್ನು ತೆಗೆಯಬೇಕಾಗುತ್ತದೆ. ಶಟರ್ ವೇಗವು ಅತ್ಯಧಿಕವಾಗಿದ್ದರೆ ಮಾತ್ರ ಹನಿಗಳು ಗಾಜಿನ ಚೂರುಗಳಂತೆ ಸ್ಪಷ್ಟವಾಗಿ ಮೂಡುತ್ತವೆ. ಸುರುಳಿಯೊಳಗಿನಿಂದ ನೋಡಿದಾಗ ನೀರಿನ ಚೌಕಟ್ಟಿನ ನಡುವೆ ತೀರದ ತೆಂಗಿನ ಮರಗಳು, ಬೆಟ್ಟ ಮತ್ತು ಸೂರ್ಯ ಕಾಣಿಸುವುದು ಇವರ ಚಿತ್ರಗಳ ವೈಶಿಷ್ಟ್ಯ. ಯಾವ ಅಲೆಯ ಎದುರು ನಿಲ್ಲಬಹುದು, ಯಾವುದಕ್ಕೆ ಮೊದಲೇ ಮುಳುಗಿ ತಪ್ಪಿಸಿಕೊಳ್ಳಬೇಕು ಎಂಬ ತೀರ್ಮಾನಕ್ಕೆ ಸರ್ಫಿಂಗ್‌ನ ದಶಕಗಳ ಅನುಭವವೇ ಇವರಿಗೆ ಆಧಾರವಾಯಿತು.

ಪ್ರಕಟಣೆಗಳು ಮತ್ತು ಮನ್ನಣೆ

ಲಿಟಲ್ ಅವರ ಚಿತ್ರಗಳು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಿವೆ. ಇವರ ಚಿತ್ರಸಂಪುಟ 'ದಿ ಆರ್ಟ್ ಆಫ್ ವೇವ್ಸ್' 2022ರಲ್ಲಿ ಪ್ರಕಟವಾಯಿತು. ಸರ್ಫಿಂಗ್‌ನಲ್ಲಿ 11 ಬಾರಿ ವಿಶ್ವ ಚಾಂಪಿಯನ್ ಆದ ಕೆಲ್ಲಿ ಸ್ಲೇಟರ್ ಅವರು ಅದಕ್ಕೆ ಮುನ್ನುಡಿ ಬರೆದಿದ್ದಾರೆ.